ಮನೆಯ ಒಲೆಯ ಮೇಲೆ ಕೋಕೋ-ಕಡಲೆಕಾಯಿ ಕೇಕು

ಮಕ್ಕಳ ವರ್ಧಂತಿಯ ದಿವಸ ಎಣ್ಣೆ ನೀರು, ಆರತಿ, ಪಾಯಸ ಇವೆಲ್ಲವೂ ಬೆಳಗ್ಗೆಯೇ ಸಾಂಗವಾಗಿ ನೆರವೇರಿದ್ದರೂ, ಸಾಯಂಕಾಲ ಒಂದು ಕೇಕು ಮೇಜಿನ ಮೇಲೆ ಬಂದು ಕೂರುವ ತನಕ ಆ ದಿವಸವು ಪೂರ್ಣವಾಯಿತೆಂದು ಈಗಿನ ಮಕ್ಕಳು ಒಪ್ಪುವುದಿಲ್ಲ. ಇದು ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಲ್ಲಿ ತೊಡಗತಕ್ಕವನಲ್ಲ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಾಠಶಾಲೆಯಲ್ಲಿ ಶಬ್ದವನ್ನೂ ಧಾತುವನ್ನೂ ಹೇಳಿಕೊಟ್ಟು ನಿವೃತ್ತನಾದ ನನಗೆ, ಮಕ್ಕಳೊಡನೆ ವಾದಿಸಿ ಗೆದ್ದವರು ವಿರಳರೆಂಬುದು ಚೆನ್ನಾಗಿ ತಿಳಿದಿದೆ. ನಾನು ಹೇಳಹೊರಟಿರುವುದು, ಆ ಕೇಕನ್ನು ನಮ್ಮ ಮನೆಯಲ್ಲಿ ನಾವೇ ಬೇಯಿಸಬೇಕಾಗಿ ಬಂದ ಸಂದರ್ಭವನ್ನು ಮತ್ತು ಅದನ್ನು ಬೇಯಿಸುವ ಕ್ರಮವನ್ನು.

ನಮ್ಮ ತಾಯಿಯವರಿಗೆ ಈಗ 82 ವರ್ಷ. ಅವರು ಅಂಗಡಿಯ ಬೇಯಿಸಿದ ಪದಾರ್ಥವನ್ನು ಮುಟ್ಟಿದವರಲ್ಲ. ಮೊಟ್ಟೆ ಹಾಕದ ಕೇಕು ಈಗ ಪೇಟೆಯಲ್ಲಿ ಬೇಕಾದಷ್ಟು ಸಿಕ್ಕುತ್ತದೆಯೆಂದು ಹೇಳಿದರೆ, “ಅದೇ ತಟ್ಟೆ, ಅದೇ ಒಲೆ ಅಲ್ಲವೇನೋ?” ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದಕಾರಣ ವರ್ಷ ವರ್ಷವೂ ಮೊಮ್ಮಗಳ ಹುಟ್ಟುಹಬ್ಬದ ಸಾಯಂಕಾಲ, ಎಲ್ಲರೂ ಮೇಜಿನ ಸುತ್ತ ನೆರೆದಿರುವಾಗ, ಅವರು ಒಂದು ಬಾಳೆಯ ಹಣ್ಣನ್ನು ತೆಗೆದುಕೊಂಡು ಜಗಲಿಯ ಮೇಲೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಯಾರನ್ನೂ ದೂರುತ್ತಿರಲಿಲ್ಲ. ನಾವೂ ಅದಕ್ಕೆ ಒಗ್ಗಿಹೋಗಿದ್ದೆವು. ಕಳೆದ ವರ್ಷ ಮಾತ್ರ, ಐದು ತುಂಬಿದ ಆ ಮಗುವು ಕೇಕಿನ ತುಂಡನ್ನು ಹಿಡಿದು ಜಗಲಿಗೆ ಹೋಗಿ, ಬರಿಗೈಯಲ್ಲಿ ಹಿಂತಿರುಗದೆ ತುಂಡಿನೊಡನೆಯೇ ಹಿಂತಿರುಗಿ ಬಂದು, “ತಾತ, ಮುತ್ತಜ್ಜಿ ತಿನ್ನೋ ಕೇಕು ಯಾವುದು?” ಎಂದು ಕೇಳಿತು. ಆ ಪ್ರಶ್ನೆಯು ನನ್ನನ್ನು ಒಂದು ವರ್ಷ ಬಿಡಲಿಲ್ಲ.

ಕೇಕು ಎಂಬುದು ಪರದೇಶದ ತಿಂಡಿ, ನಮ್ಮ ಒಲೆಗೆ ಒಗ್ಗುವುದಿಲ್ಲವೆಂದು ಮೊದಲು ನಾನೂ ಭಾವಿಸಿದ್ದೆನು. ಆದರೆ ಆಲೋಚಿಸಿದಷ್ಟೂ ಈ ಭಾವನೆಯು ಸಡಿಲವಾಯಿತು. ಹಿಟ್ಟನ್ನು ನಾದಿ, ನಾಲ್ಕೂ ಕಡೆಯಿಂದ ಕಾವು ತಗಲುವಂತೆ ಒಣ ಶಾಖದಲ್ಲಿ ಬೇಯಿಸುವುದು ನಮ್ಮ ಪೂರ್ವಿಕರಿಗೆ ಅಪರಿಚಿತವಲ್ಲ. ಯಜ್ಞದ ಪುರೋಡಾಶವನ್ನು ಹಾಗೆಯೇ ಬೇಯಿಸುತ್ತಿದ್ದುದು. ಅಗ್ನಿಗೆ ಎಂಟು ಕಪಾಲಗಳ ಮೇಲೆ, ಅಗ್ನೀಷೋಮರಿಗೆ ಹನ್ನೊಂದು ಕಪಾಲಗಳ ಮೇಲೆ, ಮೇಲುಗಡೆಗೂ ಬಿಸಿಬೂದಿಯನ್ನು ಮುಚ್ಚಿ. ‘ಅಪೂಪ’ವೆಂಬ ಭಕ್ಷ್ಯವಂತೂ ವೇದಕಾಲದ್ದು, ಪಾಣಿನಿಯು ಆ ಶಬ್ದವನ್ನೇ ಮೊದಲುಮಾಡಿಕೊಂಡು ಒಂದು ಗಣವನ್ನು ಹೇಳಿದ್ದಾನೆ. ಕೇಕು ಅಪೂಪವೇ ಎಂದು ನಾನು ಸಾಧಿಸುತ್ತಿಲ್ಲ. ಕಪಾಲವಿದ್ದ ಜಾಗದಲ್ಲಿ ಒಂದು ದಪ್ಪ ಬಾಣಲೆಯನ್ನು ಇಡಬಹುದೆಂದಷ್ಟೇ ನನ್ನ ಮಾತು.

ಇನ್ನು ಮೊಟ್ಟೆಯ ಪ್ರಶ್ನೆ. ಕೇಕಿನಲ್ಲಿ ಮೊಟ್ಟೆಯು ಮಾಡುವ ಕೆಲಸ ಮುಖ್ಯವಾಗಿ ಎರಡು: ಹಿಟ್ಟಿನೊಳಗೆ ಗಾಳಿಯನ್ನು ಹಿಡಿಯುವುದು, ಬೆಂದಮೇಲೆ ಕುಸಿಯದಂತೆ ಬಿಗಿಹಿಡಿಯುವುದು. ಅಮೆರಿಕಾದ ಗೃಹಿಣಿಯರು ಮೊಟ್ಟೆ, ಬೆಣ್ಣೆ, ಹಾಲುಗಳು ದುರ್ಲಭವಾಗಿದ್ದ ಬಡತನದ ಮತ್ತು ಯುದ್ಧದ ದಿನಗಳಲ್ಲಿ ಇವು ಮೂರೂ ಇಲ್ಲದ ಒಂದು ಕೋಕೋ ಕೇಕನ್ನು ರೂಢಿಗೆ ತಂದರು. ಮೈದಾ, ಸಕ್ಕರೆ, ಕೋಕೋ, ಸೋಡಗಳನ್ನು ತಟ್ಟೆಯಲ್ಲಿಯೇ ಕಲಸಿ, ಅದರಲ್ಲಿ ಮೂರು ಗುಳಿಗಳನ್ನು ತೋಡಿ, ಒಂದರಲ್ಲಿ ಎಣ್ಣೆ, ಒಂದರಲ್ಲಿ ಹುಳಿ, ಒಂದರಲ್ಲಿ ಪರಿಮಳದ್ರವ್ಯವನ್ನು ಸುರಿದು, ಮೇಲೆ ನೀರು ಹೊಯ್ದು ತಿರುವಿದರೆ ಆಯಿತು. ಅವರು ಅದಕ್ಕೆ ಇಟ್ಟ ಹೆಸರನ್ನು ನಮ್ಮ ಮಾತಿನಲ್ಲಿ ‘ಹುಚ್ಚು ಕೇಕು’ ಎನ್ನಬಹುದು. ನಾನು ಆಶ್ರಯಿಸಿದ್ದು ಈ ಹುಚ್ಚನ್ನೇ.

ಇದಕ್ಕೆ ಕಡಲೆಕಾಯಿಯನ್ನು ಸೇರಿಸಬೇಕೆಂದವಳು ಮೊಮ್ಮಗಳು. ಕೋಕೋ ಮತ್ತು ಕಡಲೆಕಾಯಿಗಳ ಜೋಡಿಯೂ ಅಮೆರಿಕಾದಲ್ಲಿಯೇ ಪ್ರಸಿದ್ಧಿಗೆ ಬಂದದ್ದು. ಪೆನ್ಸಿಲ್ವೇನಿಯ ಸೀಮೆಯ ಹರ್ಷೀ ಎಂಬ ಊರಿನಲ್ಲಿ ಎಚ್. ಬಿ. ರೀಸ್ ಎಂಬಾತನು 1928 ರಲ್ಲಿ ಚಾಕೊಲೇಟಿನ ಬಟ್ಟಲೊಳಗೆ ಕಡಲೆಕಾಯಿ ಬೆಣ್ಣೆಯನ್ನು ತುಂಬಿ ಮಾರಲು ಮೊದಲುಮಾಡಿದನು. ಬೆಣ್ಣೆಯೆಂದು ಹೆಸರೇ ಹೊರತು ಅದರಲ್ಲಿ ಬೆಣ್ಣೆಯ ಲೇಶವೂ ಇಲ್ಲ. ಹುರಿದ ಬೀಜವನ್ನು ಎಣ್ಣೆ ಬಿಡುವವರೆಗೆ ಅರೆದದ್ದು ಅಷ್ಟೆ. ಧಾರವಾಡ, ವಿಜಯಪುರಗಳ ಕಡೆಯ ಸೋದರಿಯರು ಶೇಂಗಾ ಚಟ್ನಿಯನ್ನು ಒರಳಿನಲ್ಲಿ ಕುಟ್ಟುವಾಗ ಎಣ್ಣೆ ಜಿನುಗುವುದನ್ನು ನೋಡಿದ್ದಾರಷ್ಟೆ. ಇನ್ನೂ ಸ್ವಲ್ಪ ಹೊತ್ತು ಬಿಡದೆ ಅರೆದಿದ್ದರೆ ಅವರೂ ಈ ಬೆಣ್ಣೆಯನ್ನೇ ಕಾಣುತ್ತಿದ್ದರು.

ಎರಡೂ ಗಿಡಗಳು ಮೂಲತಃ ನಮ್ಮವಲ್ಲ. ದಕ್ಷಿಣ ಅಮೆರಿಕಾ ಖಂಡದವು. ಆದರೂ ನಮ್ಮವರು ಒಂದನ್ನು ಕಡಲೆಕಾಯಿ, ಶೇಂಗಾ, ನೆಲಗಡಲೆ ಎಂದು ಸೀಮೆಗೊಂದು ಹೆಸರಿಟ್ಟು ಕರೆದು ಮನೆಮಗಳನ್ನಾಗಿ ಮಾಡಿಕೊಂಡರು. ಪಾವಗಡ, ಚಳ್ಳಕೆರೆಗಳ ಕೆಂಪು ನೆಲದಲ್ಲಿ ಅದರ ಹೂವು ಮೇಲೆ ಅರಳಿ, ಬಳಿಕ ತನ್ನ ಕಡ್ಡಿಯನ್ನು ತಾನೇ ಭೂಮಿಯೊಳಕ್ಕೆ ಇಳಿಸಿ ಅಲ್ಲಿ ಕಾಯಾಗುವ ಸೋಜಿಗವನ್ನು ನಾನು ಬಾಲ್ಯದಿಂದ ಕಂಡಿದ್ದೇನೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ಅದಕ್ಕೆ ಪರಿಷೆಯೇ ನಡೆಯುತ್ತದೆ. ಕೋಕೋ ಗಿಡವು ಹೀಗೆ ಮನೆಮಾತಾಗಿಲ್ಲ. ಆದರೂ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲಿ ಅದು ಬೆಳೆಯುತ್ತದೆ. ಬೆಳೆಗಾರರೇ ಕೂಡಿ 1973 ರಲ್ಲಿ ಕಟ್ಟಿಕೊಂಡ ಕ್ಯಾಂಪ್ಕೋ ಸಹಕಾರ ಸಂಸ್ಥೆಯು 1986 ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯನ್ನು ತೆರೆಯಿತು. ಸಸ್ಯಶಾಸ್ತ್ರಜ್ಞನಾದ ಲಿನೇಯಸ್ 1753 ರಲ್ಲಿ ಈ ಗಿಡಕ್ಕೆ ‘ಥಿಯೋಬ್ರೋಮ’ ಎಂದು ನಾಮಕರಣ ಮಾಡಿದನು. ಗ್ರೀಕ್ ಭಾಷೆಯ ಆ ಪದವನ್ನು ‘ದೇವಾನ್ನ’ವೆಂದು ಬಿಡಿಸಬಹುದು. ತಾಯಿಯವರಿಗೆ ಕೋಕೋವಿನ ಪರಿಚಯ ಮಾಡಿಕೊಡುವಾಗ ಈ ಹೆಸರು ನನಗೆ ಬಹಳ ಸಹಾಯಕವಾಯಿತೆಂಬುದನ್ನು ಮುಚ್ಚಿಡಲಾರೆ.

ಈಗ ಸಾಮಗ್ರಿಗಳು. ಇಪ್ಪತ್ತು ಸೆಂಟಿಮೀಟರು ಅಗಲದ ಒಂದು ತಟ್ಟೆಗೆ, ಎಂದರೆ ಎಂಟು ಅಂಗುಲದ ದುಂಡು ಡಬರಿಗೆ, ಮೈದಾ ಹಿಟ್ಟು 190 ಗ್ರಾಂ, ಸಕ್ಕರೆ ಪುಡಿ 200 ಗ್ರಾಂ, ಸಿಹಿ ಸೇರಿಸದ ಕೋಕೋ ಪುಡಿ 25 ಗ್ರಾಂ, ಅಡಿಗೆ ಸೋಡ ಒಂದು ಟೀ ಚಮಚ, ಉಪ್ಪು ಅರ್ಧ ಚಮಚ, ಎಣ್ಣೆ 60 ಮಿಲಿಲೀಟರು, ನಿಂಬೆಯ ರಸ 15 ಮಿಲಿಲೀಟರು, ನೀರು 240 ಮಿಲಿಲೀಟರು. ಪರಿಮಳಕ್ಕೆ ಎರಡು ಏಲಕ್ಕಿ. ಚಮಚವು ತಲೆತಟ್ಟಿದ ಚಮಚವಾಗಿರಬೇಕು, ಗೋಪುರದಂತೆ ತುಂಬಿದ್ದಲ್ಲ. ಇದಲ್ಲದೆ ಕಡಲೆಕಾಯಿ ಬೀಜ 200 ಗ್ರಾಂ.

ಮೊದಲು ಬೀಜದ ಕೆಲಸ. ಹುರಿಯುವುದಕ್ಕೆ ಮುಂಚೆ ಅವನ್ನು ಮೊರದಲ್ಲಿ ಹರವಿ ಒಂದೊಂದಾಗಿ ನೋಡತಕ್ಕದ್ದು. ಮುದುಡಿದ, ಕಪ್ಪಾದ, ಬೂಜು ಹಿಡಿದ ಬೀಜವೊಂದಿದ್ದರೂ ಎಸೆಯಬೇಕು. ಹುರಿದರೆ ಸರಿಹೋಗುತ್ತದೆಂದು ಉಳಿಸಿಕೊಳ್ಳಕೂಡದು. 1960 ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ, ಅವಕ್ಕೆ ತಿನ್ನಿಸಿದ್ದ ಕಡಲೆಕಾಯಿ ಹಿಂಡಿಯಲ್ಲಿ ಬೂಜಿನಿಂದ ಹುಟ್ಟಿದ ಒಂದು ವಿಷವು ಕಂಡುಬಂದಿತು. ಅದಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರು. ಯಕೃತ್ತಿಗೆ ಹಾನಿಮಾಡುವ ಈ ವಿಷವು ಅಡಿಗೆಯ ಕಾವಿಗೆ ಪೂರ್ತಿಯಾಗಿ ನಾಶವಾಗುವುದಿಲ್ಲ.

ಹುರಿಯುವ ವಿಷಯದಲ್ಲಿ ನಾನು ಗಡಿಯಾರವನ್ನು ಹಿಡಿದು ನಿಂತಿದ್ದೆನು. ತಾಯಿಯವರು ಒಳಗಿನಿಂದಲೇ, “ಸಾಕು, ಇಳಿಸು, ಚಟಪಟ ನಿಂತಿತು” ಎಂದರು. ಇಳಿಸಿ ನೋಡಿದರೆ ಸಿಪ್ಪೆ ಬೆರಳಿಗೇ ಬಿಡುತ್ತಿತ್ತು. ಬೀಜವು ಎಳೆಯ ಗೋಧಿಯ ಬಣ್ಣಕ್ಕೆ ತಿರುಗಿತ್ತು. ಅಂದಿನಿಂದ ಈ ಕೆಲಸಕ್ಕೆ ಅವರೇ ಅಧ್ಯಕ್ಷರು. ಆರಿದ ಬೀಜವನ್ನು ಸಿಪ್ಪೆ ಊದಿ, ಕಾಲು ಚಮಚ ಉಪ್ಪು ಹಾಕಿ ಮಿಕ್ಸಿಯಲ್ಲಿ ಬಿಟ್ಟುಬಿಟ್ಟು ತಿರುಗಿಸಬೇಕು. ಮೊದಲು ಪುಡಿಯಾಗುತ್ತದೆ, ಆಮೇಲೆ ಉಂಡೆಗಟ್ಟುತ್ತದೆ. ಇಲ್ಲಿ ಬಹುಮಂದಿ ಹೆದರಿ ನೀರು ಹಾಕುತ್ತಾರೆ. ಹಾಕಬಾರದು. ಬೀಜದ ತೂಕದಲ್ಲಿ ಹೆಚ್ಚುಕಡಮೆ ಅರ್ಧಭಾಗ ಎಣ್ಣೆಯೇ ಇರುವುದರಿಂದ, ತಾಳ್ಮೆಯಿಂದ ಅಂಚನ್ನು ಕೆರೆದು ಮತ್ತೆ ತಿರುಗಿಸುತ್ತಿದ್ದರೆ ಅದು ತಾನಾಗಿಯೇ ಸಡಿಲಗೊಂಡು ದೋಸೆಯ ಹಿಟ್ಟಿನಂತೆ ಹರಿಯತೊಡಗುತ್ತದೆ. ಈ ಬೆಣ್ಣೆಯಲ್ಲಿ ನಾಲ್ಕು ದೊಡ್ಡ ಚಮಚದಷ್ಟನ್ನು ಕೇಕಿನ ಹಿಟ್ಟಿಗೆ ತೆಗೆದಿಟ್ಟು, ಉಳಿದದ್ದನ್ನು ಮೇಲೆ ಬಳಿಯುವುದಕ್ಕೆ ಇಟ್ಟುಕೊಳ್ಳುವುದು.

ಬಾಣಲೆಯು ದಪ್ಪ ತಳದ್ದು, ಕಬ್ಬಿಣದ್ದಾದರೆ ಉತ್ತಮ. ಅದರಲ್ಲಿ ಎರಡು ಬೆರಳು ದಪ್ಪ ಹರಳುಪ್ಪನ್ನಾಗಲಿ ತೊಳೆದು ಒಣಗಿಸಿದ ಮರಳನ್ನಾಗಲಿ ಹರವಿ, ನಡುವೆ ಒಂದು ಸಿಂಬಿಯನ್ನಿಟ್ಟು, ಬಿಗಿಯಾದ ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕಾಯಿಸಬೇಕು. ಕುಕ್ಕರಿನಲ್ಲಿ ಮಾಡುವವರು ರಬ್ಬರಿನ ಉಂಗುರವನ್ನೂ ಮೇಲಿನ ತೂಕವನ್ನೂ ತಪ್ಪದೆ ತೆಗೆದಿಡಬೇಕು. ನೀರಿಲ್ಲದ ಪಾತ್ರೆಯನ್ನು ಬಿಗಿದು ಕಾಯಿಸುವುದು ಅಪಾಯಕರ. ಓವನ್ ಉಳ್ಳವರಿಗೆ ಈ ತಾಪತ್ರಯಗಳಾವುವೂ ಇಲ್ಲ: 180 ಡಿಗ್ರಿಯಲ್ಲಿ 30 ರಿಂದ 35 ನಿಮಿಷ.

ಬಾಣಲೆ ಕಾಯುತ್ತಿರುವಾಗ ಒಣ ಪದಾರ್ಥಗಳನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿಯುವುದು. ಉಗುರುಬೆಚ್ಚಗಿನ ನೀರಿನಲ್ಲಿ ತೆಗೆದಿಟ್ಟ ಕಡಲೆಕಾಯಿ ಬೆಣ್ಣೆಯನ್ನು ಕದಡಿ, ಎಣ್ಣೆಯನ್ನು ಸೇರಿಸಿ, ಒಣ ಹಿಟ್ಟಿಗೆ ಸುರಿದು, ಕಡೆಯಲ್ಲಿ ನಿಂಬೆಯ ರಸವನ್ನು ಹಾಕಿ ಒಂದೇ ದಿಕ್ಕಿನಲ್ಲಿ ತಿರುವಬೇಕು. ಒಣ ಹಿಟ್ಟು ಕಾಣದಂತಾದ ಕೂಡಲೇ ಕೈ ನಿಲ್ಲಿಸತಕ್ಕದ್ದು. ಹೋಳಿಗೆಯ ಕಣಕವನ್ನು ನಾದಿದಷ್ಟೂ ಒಳ್ಳೆಯದು, ಏಕೆಂದರೆ ಅದು ಎಳೆಯಬೇಕು. ಕೇಕು ಎಳೆಯಬಾರದು, ಉದುರಬೇಕು. ನಾದಿದರೆ ಮೈದಾದ ಅಂಟು ಬಲಿತು ಕೇಕು ಚಕ್ಕಳವಾಗುತ್ತದೆ. ತುಪ್ಪ ಸವರಿ ಹಿಟ್ಟು ಉದುರಿಸಿದ ತಟ್ಟೆಗೆ ಸುರಿದು, ತಡಮಾಡದೆ ಬಾಣಲೆಯಲ್ಲಿಡಬೇಕು. ಯಾತಕ್ಕೆಂದರೆ ಹುಳಿಯು ಸೋಡದೊಡನೆ ಕೂಡಿದ ಕ್ಷಣದಿಂದಲೇ ಇಂಗಾಲಾಮ್ಲ ವಾಯುವು ಹೊರಡಲು ಮೊದಲಾಗುತ್ತದೆ. ಮೊಟ್ಟೆಯಿಲ್ಲದ ಕೇಕಿಗೆ ಆ ವಾಯುವೇ ಪ್ರಾಣ. ಹೊರಗೆ ಇಟ್ಟು ಮಾತನಾಡುತ್ತ ಕುಳಿತರೆ ಪ್ರಾಣವು ಹಾರಿಹೋಗಿ ಪಿಂಡ ಮಾತ್ರ ಉಳಿಯುವುದು.

ಇಷ್ಟು ಖಚಿತವಾಗಿ ಹೇಳುತ್ತಿರುವುದು ನನ್ನ ಪಾಂಡಿತ್ಯದಿಂದಲ್ಲ, ಎರಡು ಸಲ ಕೆಡಿಸಿದ್ದರಿಂದ. ಮೊದಲನೆಯ ಸಲ, ನಿಂಬೆಯಿಂದ ಕೇಕು ಹುಳಿಯಾದೀತೆಂದು ಅದನ್ನು ಬಿಟ್ಟು, ಅದರ ಬದಲು ಸೋಡವನ್ನು ಇಮ್ಮಡಿ ಮಾಡಿದೆನು. ಕೇಕು ಉಬ್ಬಿತೇನೋ ಸರಿ. ಆದರೆ ಕೆಂಗಪ್ಪಾಗಿ ಸಾಬೂನಿನ ರುಚಿಯನ್ನು ತಾಳಿತ್ತು. ಮನೆಯವಳು ಒಂದು ಚೂರು ಬಾಯಿಗಿಟ್ಟುಕೊಂಡು, “ಇದರಲ್ಲಿ ನಿಮ್ಮ ಪಂಚೆ ಒಗೆಯಬಹುದು” ಎಂದಳು. ಹಾಸ್ಯಕ್ಕೆ ಹೇಳಿದರೂ ರಸಾಯನಶಾಸ್ತ್ರದ ಪ್ರಕಾರ ಅವಳ ಮಾತು ನಿಜ. ಹುಳಿಯೊಡನೆ ಸೇರದೆ ಉಳಿದ ಅಡಿಗೆ ಸೋಡವು ಕಾವಿನಲ್ಲಿ ಒಡೆದು, ಬಟ್ಟೆ ಒಗೆಯುವ ಸೋಡವಾಗಿಯೇ ಪರಿಣಮಿಸುತ್ತದೆ. ಎರಡನೆಯ ಸಲ ಅಳತೆಯೆಲ್ಲ ಸರಿಯಾಗಿತ್ತು. ಕುತೂಹಲ ತಡೆಯಲಾರದೆ ಕಾಲು ಗಂಟೆಗೆ ಮುಚ್ಚಳ ತೆಗೆದು ನೋಡಿದೆನು. ನೋಡುತ್ತಿದ್ದ ಹಾಗೆಯೇ ನಡುಭಾಗವು ಕೆರೆಯಂತೆ ತಗ್ಗಾಯಿತು. ಮೊದಲ ಅರ್ಧ ಗಂಟೆ ಮುಚ್ಚಳವನ್ನು ಮುಟ್ಟಲೇಕೂಡದು. ನಲವತ್ತು ನಿಮಿಷದ ಮೇಲೆ ತೆಂಗಿನ ಗರಿಯ ಕಡ್ಡಿಯನ್ನು ನಡುವೆ ಚುಚ್ಚಿ, ಹಸಿ ಹಿಟ್ಟು ಅಂಟದೆ ಬಂದರೆ ಬೆಂದಿತೆಂದು ತಿಳಿಯುವುದು. ನಮ್ಮ ಬಾಣಲೆಯಲ್ಲಿ 48 ನಿಮಿಷ ಹಿಡಿಯುತ್ತದೆ. ಒಲೆಗೂ ಪಾತ್ರೆಗೂ ತಕ್ಕಂತೆ ಹೆಚ್ಚುಕಡಮೆ ಆದೀತು. ಪೂರ್ತಿ ಆರಿದ ಬಳಿಕ, ಉಳಿದ ಕಡಲೆಕಾಯಿ ಬೆಣ್ಣೆಗೆ ಎರಡು ದೊಡ್ಡ ಚಮಚ ಜರಡಿ ಹಿಡಿದ ಬೆಲ್ಲದ ಪುಡಿಯನ್ನೂ ಒಂದು ಚಮಚ ತುಪ್ಪವನ್ನೂ ಕಲಸಿ ಮೇಲೆ ಬಳಿಯುವುದು. ಬಿಸಿಯಿರುವಾಗ ಬಳಿದರೆ ಕರಗಿ ಹರಿದುಹೋಗುತ್ತದೆ.

ಮೂರನೆಯ ಕೇಕು ಚೆನ್ನಾಗಿ ಬಂದಿತು. ಹೀಗಾಗಿ ವರ್ಧಂತಿಗೆ ನಾಲ್ಕು ದಿನ ಮುಂಚೆಯೇ ನಾನು ನಿಶ್ಚಿಂತನಾಗಿದ್ದೆನು. ಆಗ ಸೊಸೆಯು ಒಂದು ವಿಷಯವನ್ನು ನೆನಪಿಗೆ ತಂದಳು. ನೆರೆಮನೆಯ ನಾಲ್ಕು ವರ್ಷದ ಹುಡುಗನಿಗೆ ಕಡಲೆಕಾಯಿ ಆಗುವುದಿಲ್ಲ. ಆಗುವುದಿಲ್ಲವೆಂದರೆ ಪಿತ್ತ, ಕೆಮ್ಮು ಎಂದು ನಾವು ಹೇಳುವಂಥದಲ್ಲ. ಕೆಲವು ಮಕ್ಕಳ ದೇಹವು ಈ ಬೀಜದ ಸಸಾರಜನಕವನ್ನು ಶತ್ರುವೆಂದು ಭ್ರಮಿಸಿ ಕೆರಳುತ್ತದೆ. ಚೂರು ತಿಂದರೂ ಮೈಮೇಲೆ ದದ್ದು ಏಳುತ್ತದೆ, ತುಟಿ ಊದಿಕೊಳ್ಳುತ್ತದೆ. ಕೆಲವರಿಗೆ ಉಸಿರೇ ಕಟ್ಟುತ್ತದೆ. ಹಾಗಾದಾಗ ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ನಾನು ಮೂರು ವಾರ ಒಬ್ಬರನ್ನು ಜಗಲಿಯಿಂದ ಒಳಕ್ಕೆ ಕರೆಯುವ ಪ್ರಯತ್ನದಲ್ಲಿದ್ದು, ಇನ್ನೊಂದು ಮಗುವನ್ನು ಅದೇ ಜಗಲಿಗೆ ಕಳುಹಿಸಲಿದ್ದೆನು. ಕಳುಹಿಸುವುದಿರಲಿ, ತಿಳಿಯದೆ ಕೊಟ್ಟಿದ್ದರೆ ಏನಾಗುತ್ತಿತ್ತೋ! ಮನೆಗೆ ಬಂದ ಮಕ್ಕಳಿಗೆ ಕಡಲೆಕಾಯಿ ಸೇರಿದ ಪದಾರ್ಥವನ್ನು ಕೊಡುವ ಮುಂಚೆ ಅವರ ತಾಯಂದಿರನ್ನು ಕೇಳುವುದು ಅವಶ್ಯ. ಮೇಲೆ ಕೋಕೋ ಬಣ್ಣವಿದ್ದರೆ ಒಳಗಿನ ಕಡಲೆಕಾಯಿ ಕಣ್ಣಿಗೆ ಕಾಣುವುದಿಲ್ಲ.

ಆ ದಿವಸ ಬೆಳಗ್ಗೆ, ಕಡಲೆಕಾಯಿಯ ಡಬ್ಬಿಯನ್ನು ಅಟ್ಟದಿಂದ ಇಳಿಸುವುದಕ್ಕೆ ಮೊದಲೇ, ತೊಳೆದ ಬೇರೆ ಪಾತ್ರೆಗಳಲ್ಲಿ ಒಂದು ಸಣ್ಣ ಕೋಕೋ ಕೇಕನ್ನು ಬರಿಯ ಸೂರ್ಯಕಾಂತಿ ಎಣ್ಣೆಯಿಂದ ಮಾಡಿ, ಮುಚ್ಚಿ ನಡುಮನೆಯಲ್ಲಿ ಇರಿಸಿದೆವು. ಹುಡುಗನ ತಾಯಿಯು ತಾನೇ ಬಂದು, ಕೋಕೋ ಡಬ್ಬಿಯ ಮೇಲಿನ ಬರಹವನ್ನು ಕೂಡ ಓದಿ, ಒಪ್ಪಿಕೊಂಡು ಹೋದಳು. ಬಳಿಕ ದೊಡ್ಡದು ಬೆಂದಿತು. ತಾಯಿಯವರೇ ಮಡಿಯಲ್ಲಿ ಬೀಜ ಹುರಿದುಕೊಟ್ಟರು. ಎಲ್ಲವೂ ಅಣಿಯಾಯಿತೆಂದು ನಾನು ಹೆಗಲ ವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಿರುವಾಗ ಅವರು ಮೆಲ್ಲನೆ, “ಇವತ್ತು ಏಕಾದಶಿ ಕಣೋ” ಎಂದರು.

ಮಗುವಿನ ಹುಟ್ಟುಹಬ್ಬವನ್ನು ನಾವು ಇಂಗ್ಲಿಷ್ ತಾರೀಖಿನಿಂದ ಎಣಿಸುತ್ತೇವೆ. ಅದು ಯಾವ ತಿಥಿಯ ಮೇಲೆ ಬೀಳುವುದೆಂದು ಪಂಚಾಂಗವನ್ನು ತೆಗೆದು ನೋಡಬೇಕೆಂಬುದು, ಜೀವಮಾನವೆಲ್ಲ ಸಂಸ್ಕೃತ ಪಾಠ ಹೇಳಿದ ನನಗೆ ಹೊಳೆದಿರಲಿಲ್ಲ. “ಮುಂಚೆಯೇ ಹೇಳಬಾರದಾಗಿತ್ತೇ ಅಮ್ಮ?” ಎಂದೆನು. “ಹೇಳಿದ್ದರೆ ಮಗುವಿನ ದಿನ ಬದಲಾಯಿಸುತ್ತಿದ್ದೆಯಾ?” ಎಂದು ಅವರು ಬೀಜದ ಸಿಪ್ಪೆಯನ್ನು ಗುಡಿಸಿ ಮೊರಕ್ಕೆ ತುಂಬಿದರು.

ಸಾಯಂಕಾಲ ಅವರು ಜಗಲಿಗೆ ಹೋಗಲಿಲ್ಲ. ಮೇಜಿನ ಪಕ್ಕದಲ್ಲಿಯೇ ಕುರ್ಚಿ ಹಾಕಿಸಿಕೊಂಡು ಕುಳಿತರು. ಮೊಮ್ಮಗಳು ಮೊದಲನೆಯ ತುಂಡನ್ನು ಕೊಯ್ದು, ಯಾರ ಬಾಯಿಗೂ ಇಡದೆ, ಒಂದು ಬೆಳ್ಳಿಯ ಬಟ್ಟಲಲ್ಲಿಟ್ಟು, ಮೇಲೆ ತಟ್ಟೆ ಮುಚ್ಚಿ ದೇವರ ಮನೆಯ ಗೂಡಿನಲ್ಲಿ ಇಟ್ಟು ಬಂದಳು. ನೆರೆಮನೆಯ ಹುಡುಗನು ತನ್ನ ಕೇಕು ತನಗೆ ಮಾತ್ರವೇ ಎಂದು ತಿಳಿದು ಎರಡು ಸಲ ಕೇಳಿ ತಿಂದನು.

ನಿನ್ನೆ ಬೇಯಿಸಿದ್ದು ಇಂದು ತಂಗಳಲ್ಲವೇ ಎಂಬ ಸಂಶಯವು ರಾತ್ರಿ ನನ್ನನ್ನು ಬಾಧಿಸಿತು. ಸ್ನೇಹವು, ಎಂದರೆ ಎಣ್ಣೆ ತುಪ್ಪಗಳು, ಸೇರಿದ ಭಕ್ಷ್ಯವು ಪರ್ಯುಷಿತವಾಗಿದ್ದರೂ ಭೋಜ್ಯವೆಂದು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಹೇಳಿದೆ. ಅದನ್ನು ಹುಡುಕಿ, ಗುರುತಿಗೆ ಕಾಗದವನ್ನಿಟ್ಟು, ಬೆಳಗ್ಗೆ ತಾಯಿಯವರಿಗೆ ಓದಿ ಹೇಳಲು ಸಿದ್ಧನಾಗಿದ್ದೆನು. ಅದರ ಅವಶ್ಯಕತೆ ಬೀಳಲಿಲ್ಲ. ದ್ವಾದಶಿಯ ಪಾರಣೆ ಮುಗಿಸಿ ಅವರು ತಾವೇ ಬಟ್ಟಲನ್ನು ತರಹೇಳಿದರು. ಮೊಮ್ಮಗಳು ಶಾಲೆಯ ಉಡುಪಿನಲ್ಲಿಯೇ ಎದುರಿಗೆ ಕುಳಿತು ಅವರ ಬಾಯನ್ನೇ ನೋಡುತ್ತಿದ್ದಳು. ಈ ಕೇಕು ಎರಡನೆಯ ದಿವಸವೇ ಹೆಚ್ಚು ರುಚಿ. ಕಡಲೆಕಾಯಿಯ ಎಣ್ಣೆಯು ಒಳಗೆಲ್ಲ ಹರಡಿ ಮೆತ್ತಗಾಗಿರುತ್ತದೆ.

ಅವರು ಅರ್ಧವನ್ನು ತಿಂದು, ಅರ್ಧವನ್ನು ಮಗುವಿನ ಕೈಗೆ ಕೊಟ್ಟು, ನನ್ನ ಕಡೆ ತಿರುಗಿ, “ಉಪ್ಪು ಒಂದು ಚಿಟಿಕೆ ಹೆಚ್ಚಾಯಿತು. ಬೀಜಕ್ಕೆ ಹಾಕಿದ ಮೇಲೆ ಹಿಟ್ಟಿಗೆ ಕಡಮೆ ಮಾಡಬೇಕಲ್ಲವೇನೋ?” ಎಂದರು. ಆದುದರಿಂದ ಮೇಲೆ ಹೇಳಿದ ಸಾಮಗ್ರಿಗಳಲ್ಲಿ ಹಿಟ್ಟಿನ ಉಪ್ಪನ್ನು ವಾಚಕರು ಅರ್ಧ ಚಮಚದ ಬದಲು ಕಾಲು ಚಮಚವೆಂದು ತಿದ್ದಿಕೊಳ್ಳಬೇಕು.